ಐವಿಯ ಎರವಿನ ಪೆಟ್ಟಿಗೆ

ಐವಿ ಹಾರ್ಗ್ರೀವ್ಸ್ ತನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಗಂಡನ ಹತ್ತಿರ ಕೇಳಿದ್ದು ಒಂದೇ ಉಡುಗೊರೆ: ಮನೆಯ ಗ್ಯಾರೇಜು. ವಿಲ್ಫ್ ಕೊಟ್ಟ. ಕೊಟ್ಟ ಮರುದಿನದಿಂದಲೇ ಕೈ ಕೈ ಹಿಸುಕಿಕೊಂಡ.

ಅವನಾದರೂ ಏನು ಮಾಡಿಯಾನು? ಮೂವತ್ತನಾಲ್ಕು ವರ್ಷ ಸೋಫಾ ಕಾರ್ಖಾನೆಯಲ್ಲಿ ಚರ್ಮದ ಗವಸು ಹೊಲಿದ ಹೆಂಗಸು, ಗ್ಯಾರೇಜಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಾಲ್ಕು ಪರದೆ ಹೊಲಿದಾಳು ಅಂದುಕೊಂಡಿದ್ದ. ಬಂದದ್ದು ಲಾರಿ. ಅದರಿಂದ ಇಳಿದದ್ದು ಕಬ್ಬಿಣದ ಕೊಳವೆಗಳ ಒಂದು ಚೌಕಟ್ಟು ಮತ್ತು ಹದಿನಾರು ರಟ್ಟಿನ ಪೆಟ್ಟಿಗೆ. ಬಿಡಿಭಾಗ ತರಿಸಿ ಮನೆಯಲ್ಲೇ ಕಾರು ಜೋಡಿಸುವ ಹುಚ್ಚು ಲ್ಯಾಂಕಷೈರಿನ ಆ ಕಣಿವೆಯಲ್ಲಿ ಹತ್ತಾರು ಗಂಡಸರಿಗಿತ್ತು, ಹೆಂಗಸರಲ್ಲಿ ಇವಳೊಬ್ಬಳಿಗೆ ಅಂಟಿತು. ಎಂಜಿನ್ನು ಅವಳ ಅಕ್ಕ ಮೇಬಲ್ಲಳ ಹಳೇ ಕಾರಿನದು. ಮೇಬಲ್ ಅದನ್ನು ಹಾಲಿನ ಗಾಡಿಗೆ ಗುದ್ದಿ, ಇನ್ನು ಈ ಜನ್ಮದಲ್ಲಿ ಕಾರು ಮುಟ್ಟೆ ಎಂದು ಆಣೆ ಹಾಕಿದ್ದಳು.

ಏಳು ವರ್ಷ ಹೋಯಿತು. ಕಾರು ಕಾರಾಯಿತು. ಇಬ್ಬರೇ ಕೂರುವ, ಮೇಲೆ ಸೂರಿಲ್ಲದ, ಬಾಟಲಿ ಹಸಿರು ಬಣ್ಣದ ಪುಟ್ಟ ಕಾರು. ಆಸನಗಳಿಗೆ ಅವಳೇ ಹೊಲಿದ ಕಂದು ಚರ್ಮ. ಆ ಹೊಲಿಗೆ ನೋಡಿದರೆ ಅರಮನೆಯ ಸೋಫಾ ನಾಚಬೇಕು.

ವಿಲ್ಫ್‌ಗೆ ಮಾತ್ರ ಅದು ಕಣ್ಣಿಗೆ ಬಿದ್ದ ಕಸ. ಅವನಿಗೊಂದು ಬೇರೆ ಹುಚ್ಚಿತ್ತು: ಪ್ರದರ್ಶನದ ಪುಟ್ಟ ಗಿಳಿಗಳು. ನಲವತ್ತು ಗಿಳಿ, ಹಿತ್ತಲಿನ ಮರದ ಗೂಡಿನಲ್ಲಿ. ಗೂಡಿನ ಸೂರು ಮೂರು ಕಡೆ ಸೋರುತ್ತಿತ್ತು. ಅಲ್ಲಿಯ ಮಳೆ ಗೊತ್ತಲ್ಲ, ಅಳುಮೋರೆ ಸೊಸೆಯ ಹಾಗೆ ದಿನಾ ಸುರಿಯುತ್ತದೆ. ಏಪ್ರಿಲ್ ತಿಂಗಳಲ್ಲಿ, ಸರ್ಕಾರದ ಪರೀಕ್ಷೆಗೆ ದಿನ ಗೊತ್ತಾಗಿದೆ ಎಂದು ಐವಿ ಹೇಳಿದಾಗ, ವಿಲ್ಫ್ ಚಹಾದ ಬಟ್ಟಲು ಕೆಳಗಿಟ್ಟ.

"ಒಂದು ಮಾತು ಆಡ್ಬಿಡೋಣ ಕಣೇ. ನಿನ್ನ ಡಬ್ಬ ಮೊದಲನೇ ಸಲಕ್ಕೇ ಪಾಸಾದ್ರೆ, ಗ್ಯಾರೇಜು ಸಾಯೋವರೆಗೂ ನಿಂದು. ಫೇಲಾಯ್ತೋ, ಸೋಮವಾರ ಬೆಳಿಗ್ಗೆ ನನ್ನ ಹಕ್ಕಿಗಳು ಒಳಗೆ, ನಿನ್ನ ಸ್ಪ್ಯಾನರುಗಳು ಹೊರಗೆ."

"ಕೈ ಕೊಡು," ಎಂದಳು ಐವಿ. ಕೊಟ್ಟ. ಆ ಕೈ ಕೊಡುವಾಗ ಅವನ ಮೀಸೆಯಡಿ ಒಂದು ನಗು ಸುಳಿದಿತ್ತು. ಅದು ಯಾಕೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಐವಿಗೆ ಅಷ್ಟು ಧೈರ್ಯ ಬಂದದ್ದು ಪೆಟ್ಟಿಗೆಯಿಂದ. ಅದೇನೆಂದು ಹೇಳಿಬಿಡುತ್ತೇನೆ. ಮನೆಯಲ್ಲಿ ಜೋಡಿಸಿದ ಕಾರು ರಸ್ತೆಗಿಳಿಯಬೇಕಾದರೆ ಪರೀಕ್ಷಕನ ಮುಂದೆ ನಿಲ್ಲಬೇಕು. ಎಲ್ಲೂ ಚೂಪು ಅಂಚು ಇರಕೂಡದು, ಸ್ಟೀರಿಂಗು ಮೆತ್ತಗಿರಬೇಕು, ಕನ್ನಡಿಯ ಅಂಚು ಗುಂಡಗಿರಬೇಕು, ಸದ್ದು ಮಿತಿ ದಾಟಕೂಡದು. ಈ ಹುಚ್ಚರಿಗೆ ಬೇಕಾದದ್ದು ಇದರ ತದ್ವಿರುದ್ಧ. ಅಂಗೈಯಗಲದ ಸ್ಟೀರಿಂಗು, ಬ್ಲೇಡಿನಂಥ ಕನ್ನಡಿ, ಊರೆಲ್ಲ ಎದ್ದು ಕೂರುವ ಆರ್ಭಟ ಬೇಕು. ಅದಕ್ಕೇ ಅವರ ಸಂಘದಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರೊಳಗೆ ಸಭ್ಯವಾದ ಒಂದು ಸ್ಟೀರಿಂಗು, ಒಂದು ಜೊತೆ ಗುಂಡು ಕನ್ನಡಿ, ಒಂದು ಹೊರೆ ರಬ್ಬರ್ ಅಂಚುಪಟ್ಟಿ, ಮತ್ತು ಬೆಕ್ಕಿನ ಹೆಜ್ಜೆಯಷ್ಟು ಮೆಲ್ಲಗೆ ಉಸಿರಾಡುವ ಉದ್ದನೆಯ ಸೈಲೆನ್ಸರು. ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯ ಸರ ಎರವಲು ತಂದು ಹಾಕುತ್ತಾರಲ್ಲ, ಹಾಗೆ. ಪರೀಕ್ಷೆಗೆ ಹೋಗುವವರು ಪೆಟ್ಟಿಗೆ ಒಯ್ದು, ಎಲ್ಲ ತೊಡಿಸಿ, ಪಾಸಾಗಿ, ಬರುವ ದಾರಿಯಲ್ಲಿ ಬೆಟ್ಟದ ಮೇಲಿನ ತಂಗುದಾಣದಲ್ಲಿ ಕಾರು ನಿಲ್ಲಿಸಿ ಎಲ್ಲ ಕಳಚಿಡುವುದು ಪದ್ಧತಿ. ಪೆಟ್ಟಿಗೆ ಮರಳಿಸುವಾಗ ಜೊತೆಗೊಂದು ಹಣ್ಣಿನ ಕೇಕ್ ಕೊಡಬೇಕು. ಸಂಘದ ಹತ್ತು ಕಾರುಗಳೂ ಪಾಸಾದದ್ದು ಅದೇ ಒಡವೆ ತೊಟ್ಟು.

ಪೆಟ್ಟಿಗೆ ಇರುತ್ತಿದ್ದದ್ದು ಐವಿಯ ಹತ್ತಿರ. "ನೀನು ಹೆಂಗಸು, ಜೋಪಾನ ಮಾಡ್ತೀಯ," ಎಂದಿದ್ದ ಸಂಘದ ಅಧ್ಯಕ್ಷ ರೋಲಂಡ್ ಡಕ್‌ವರ್ತ್. ಆ ಮಾತಿಗೆ ಐವಿ ಸಿಟ್ಟೂ ಮಾಡಿಕೊಂಡಳು, ಪೆಟ್ಟಿಗೆಯನ್ನೂ ಇಟ್ಟುಕೊಂಡಳು. ಪ್ರತಿ ಸಲ ವಾಪಸು ಬಂದಾಗ ಸೈಲೆನ್ಸರಿಗೆ ವಿನಿಗರ್ ಹಚ್ಚಿ ಬೆಳ್ಳಿಯಂತೆ ಉಜ್ಜುತ್ತಿದ್ದಳು. ತುದಿಯಲ್ಲಿದ್ದ ಗೀರುಗಳು ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ಪರೀಕ್ಷೆ ಶುಕ್ರವಾರ. ಅದಕ್ಕೆ ಮುಂಚಿನ ಶನಿವಾರ ಐವಿ ಪೆಟ್ಟಿಗೆ ತೆರೆದು ಸೈಲೆನ್ಸರು ಎತ್ತಿದಳು. ಕೈಗೆ ಹಗುರ ಅನಿಸಿತು. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಮೇಲೆ ಬೆಳ್ಳಿ ಬಣ್ಣ ಬಳಿದಿತ್ತು, ಉಗುರಿನಿಂದ ಕೆರೆದರೆ ಕೆಳಗೆ ತುಕ್ಕು. ಹಾಳಾದ್ದು, ಯಾವನೋ ಅಸಲಿ ಇಟ್ಟುಕೊಂಡು ನಕಲಿ ಮರಳಿಸಿದ್ದ. ಆದರೂ ಜೋಡಿಸಿ ಎಂಜಿನ್ ಎಬ್ಬಿಸಿ ನೋಡಿದಳು. ಹಿತ್ತಲಿನಲ್ಲಿ ನಲವತ್ತು ಗಿಳಿಗಳೂ ಒಟ್ಟಿಗೆ ಕಿರುಚಿಕೊಂಡವು. ವಿಲ್ಫ್ ಓಡಿ ಬಂದವನು ಸದ್ದು ಕೇಳಿ ಗಾಬರಿಯಾಗಲಿಲ್ಲ, ಜೇಬಿನಿಂದ ಅಳತೆ ಟೇಪು ತೆಗೆದು ಗ್ಯಾರೇಜಿನ ಗೋಡೆ ಅಳೆಯತೊಡಗಿದ.

"ನೀನು ಕೆಲಸ ಮಾಡ್ಕೋ ಚಿನ್ನ," ಎಂದ. "ನಾನು ಗೂಡಿನ ಕಂಬ ಎಲ್ಲಿ ನೆಡೋದು ಅಂತ ನೋಡ್ತಿದ್ದೀನಿ ಅಷ್ಟೇ."

ಏಳು ವರ್ಷದ ಬೆವರು ಹಕ್ಕಿಯ ಹಿಕ್ಕೆಯ ಪಾಲಾಗುವುದೇ? ಪೆಟ್ಟಿಗೆಯನ್ನು ಕೊನೆಗೆ ಒಯ್ದವನು ರೋಲಂಡ್, ಕಳೆದ ಅಕ್ಟೋಬರಿನಲ್ಲಿ, ತನ್ನ ಹೊಸ ಕೆಂಪು ಕಾರಿಗೆ. ತನ್ನ ಕಾರಿನ ಕೊನೆಯ ಕೆಲಸದ ಗಡಿಬಿಡಿಯಲ್ಲಿ ಐವಿ ಆ ಸಲ ಮಾತ್ರ ಪೆಟ್ಟಿಗೆ ತೆರೆದು ಉಜ್ಜಿರಲಿಲ್ಲ. ಆದರೆ ಅವನನ್ನು ಅನುಮಾನಿಸುವುದು ಹೇಗೆ? ಅವನ ಕೆಂಪು ಕಾರಿನಷ್ಟು ಗರ್ಜಿಸುವ ಕಾರು ಸಂಘದಲ್ಲೇ ಇರಲಿಲ್ಲ. ತಿಂಗಳ ಮೊದಲ ಭಾನುವಾರ ಪ್ಯಾಕ್‌ಹಾರ್ಸ್ ಪಬ್ಬಿನ ಅಂಗಳಕ್ಕೆ ಅವನು ನುಗ್ಗಿದರೆ ಜನರ ಕೈಯ ಬನ್ನಿನಿಂದ ಹಂದಿಮಾಂಸದ ಚೂರು ಜಾರಬೇಕು. "ಸದ್ದಿಲ್ಲದ ಕಾರು ಕಾರಲ್ಲ ಕಣ್ರೋ, ಅದು ಫ್ರಿಜ್ಜು," ಎನ್ನುವುದು ಅವನ ಮಂತ್ರ.

ಮರುದಿನವೇ ಆ ಭಾನುವಾರ. ಐವಿ ಬಸ್ಸಿನಲ್ಲಿ ಹೋದಳು. ಪಬ್ಬಿಗೆ ಒಂದು ತಿರುವು ಮುಂಚೆಯೇ ಇಳಿದು, ಹಿಡಿದ ಮಳೆ ನಿಲ್ಲಲೆಂದು ಬಸ್ ತಂಗುದಾಣದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ತಂಗುದಾಣದ ಹಿಂದಿನ ಓಣಿಗೆ ಒಂದು ಕೆಂಪು ಕಾರು ಬಂತು. ಗಾಲಿಗೆ ನೀರು ಸಿಡಿದದ್ದು ಕೇಳಿಸಿತು, ಎಂಜಿನ್ ಕೇಳಿಸಲಿಲ್ಲ. ಇಳಿದವನು ರೋಲಂಡ್. ಸಂಘದ ಲಾಂಛನ ಹೊಲಿದ ನೀಲಿ ಕೋಟು, ಕಂಠಪಟ್ಟಿ. ಅತ್ತ ಇತ್ತ ನೋಡಿದ. ನೆಲಕ್ಕೆ ಪತ್ರಿಕೆ ಹಾಸಿ ಮೊಣಕಾಲೂರಿದ. ಕೈಗೆ ಗುಲಾಬಿ ಹೂವಿನ ಚಿತ್ರವಿದ್ದ, ಅಡುಗೆಮನೆಯ ಒಲೆಯ ಗವಸು ತೊಟ್ಟ. ಕಾರಿನ ಪಕ್ಕೆಯಲ್ಲಿದ್ದ ಬಿಸಿ ಸೈಲೆನ್ಸರಿನ ಎರಡು ಪಟ್ಟಿ ಸಡಿಲಿಸಿ ಕಳಚಿ, ಆಸನದ ಹಿಂದಿನಿಂದ ಇನ್ನೊಂದನ್ನು, ಗರ್ಜಿಸುವುದನ್ನು, ಎಳೆದ.

"ಗವಸು ಚೆನ್ನಾಗಿದೆ ರೋಲಂಡ್. ಗುಲಾಬಿ ಬಣ್ಣ ನಿನ್ನ ಮುಖಕ್ಕೆ ಒಪ್ಪುತ್ತೆ."

ರೋಲಂಡ್ ದಡಕ್ಕನೆ ಎದ್ದು ಕನ್ನಡಿಗೆ ತಲೆ ಹೊಡೆಸಿಕೊಂಡ.

"ಐವಿ! ಅದು... ಒಂಚೂರು ಸಡಿಲ ಆಗಿತ್ತು, ಬಿಗಿ ಮಾಡ್ತಿದ್ದೆ."

"ಬಿಗಿ ಮಾಡೋಕೆ ಎರಡೆರಡು ಸೈಲೆನ್ಸರ್ ಬೇಕೇನೋ? ಕಳ್ಳ ನನ್ಮಗನೇ, ನಾನು ಏಳು ವರ್ಷ ಉಜ್ಜಿದ್ದು ನನಗೆ ಗುರುತು ಸಿಗಲ್ವಾ?"

ರೋಲಂಡನ ಮುಖ ಇಂಗು ತಿಂದ ಮಂಗನಂತಾಯಿತು. ಪತ್ರಿಕೆಯ ಮೇಲೆ ಹಾಗೇ ಕುಕ್ಕರಿಸಿದ.

"ದಮ್ಮಯ್ಯ, ಯಾರಿಗೂ ಹೇಳ್ಬೇಡ ಕಣೇ. ಪರೀಕ್ಷೆ ದಿನ ನನ್ನ ಹೆಂಡ್ತಿ ಗ್ಲಾಡಿಸ್ ಜೊತೆಗೆ ಬಂದಿದ್ಲು. ವಾಪಸ್ ಬರೋವಾಗ ಅವಳು ಮಾತಾಡಿದ್ದು ಕಾರಲ್ಲಿ ಮೊದಲನೇ ಸಲ ನನಗೆ ಕೇಳಿಸ್ತು. ಮೂವತ್ತು ವರ್ಷದಿಂದ ಬರೀ ಬಾಯಿ ಆಡೋದು ನೋಡಿದ್ದೆ. ಎಷ್ಟು ತಮಾಷೆಯಾಗಿ ಮಾತಾಡ್ತಾಳೆ ಗೊತ್ತಾ ಅವಳು? ಆಮೇಲೆ ಕಳಚೋಕೆ ಮನಸ್ಸು ಬರ್ಲಿಲ್ಲ."

ಐವಿಗೆ ಒಂದು ಗಳಿಗೆ ಅಯ್ಯೋ ಅನಿಸಿತು. ಒಂದೇ ಗಳಿಗೆ.

"ಸರಿ, ಹೇಳಲ್ಲ. ಆದ್ರೆ ಸೈಲೆನ್ಸರ್ ಇವತ್ತೇ ನನ್ನ ಚೀಲಕ್ಕೆ. ಶುಕ್ರವಾರ ನೀನು ನನ್ನ ಹಿಂದೆ ಬರ್ಬೇಕು, ನನ್ನ ಸ್ಪ್ಯಾನರ್ ಚೀಲ ಹೊರ್ಬೇಕು. ವಿಲ್ಫನ್ನೂ ನಿನ್ನ ಕಾರಲ್ಲೇ ಕರ್ಕೊಂಡು ಬಾ. ನಾನು ಫೇಲಾಗೋದು ಕಣ್ಣಾರೆ ನೋಡ್ಬೇಕಂತೆ ಆಸಾಮಿಗೆ."

ಶುಕ್ರವಾರ ಮೂವರೂ ಹೊರಟರು. ಐವಿ ಮುಂದೆ, ಹಾಲು ಕದ್ದ ಬೆಕ್ಕಿನ ಹಾಗೆ ಸದ್ದಿಲ್ಲದೆ. ಹಿಂದೆ ಕೆಂಪು ಕಾರು, ಗುಡುಗುತ್ತ. ಅದರಲ್ಲಿ ಕೂತ ವಿಲ್ಫ್ ಕಿವಿಗೆ ಹತ್ತಿ ತುರುಕಿ ಟೋಪಿ ಎಳೆದುಕೊಂಡಿದ್ದ, ರೋಲಂಡನ ಮುಖ ಹಲ್ಲುನೋವು ಬಂದವನ ಮುಖವಾಗಿತ್ತು.

ಪರೀಕ್ಷಕರು ಮಿಸ್ಟರ್ ಪಿಲ್ಲಿಂಗ್. ಕಡ್ಡಿಯಂಥ ಮನುಷ್ಯ, ನಗು ಕಂಡವರಿಲ್ಲ. ಉಗುರಿಗೆ ತಾಗುವಷ್ಟು ಅಂಚು ಸಿಕ್ಕರೂ ಮನೆಗೆ ಕಳಿಸಿದ ಕೀರ್ತಿ ಅವರದು. ಚೂಪು ಅಂಚು ಪತ್ತೆ ಮಾಡುವ ಚೆಂಡಿನಂಥ ಗುಂಡೊಂದನ್ನು ಹಿಡಿದು ಕಾರಿನ ಇಂಚಿಂಚೂ ಸವರಿದರು. ಮುಂದಿನ ಫಲಕದ ಕೆಳಗೆ ಅವರ ಬೆರಳು ನಿಂತಿತು.

"ಇಲ್ಲಿ ರಬ್ಬರ್ ಪಟ್ಟಿ ಇಲ್ವಲ್ಲ?"

"ಚರ್ಮ ಸಾರ್. ಒಳಗೆ ಹಗ್ಗ ಇಟ್ಟು ಹೊಲ್ದಿದ್ದೀನಿ, ಸೋಫಾ ಅಂಚಿಗೆ ಮಾಡೋ ಹಾಗೆ."

"ದಾರಿಯಲ್ಲಿ ಕಿತ್ತು ಹಾಕ್ತೀರಾ?"

"ಕೀಳೋದಾ? ಮೂರು ವಾರ ಹೊಲ್ದಿದ್ದೀನಿ, ಬೆರಳು ನೋಡಿ," ಎಂದು ಐವಿ ಸೂಜಿ ಚುಚ್ಚಿದ ಬೆರಳುಗಳನ್ನು ಅವರ ಮೂಗಿಗೇ ಹಿಡಿದಳು. ಪಿಲ್ಲಿಂಗ್ ಆ ಹೊಲಿಗೆಯನ್ನು ಮತ್ತೊಮ್ಮೆ ಸವರಿದರು, ಈ ಸಲ ಗುಂಡಿಲ್ಲದೆ, ಬರಿಗೈಯಲ್ಲಿ.

ಸದ್ದು ಅಳೆದರು. ಮುಳ್ಳು ಗೆರೆಯ ಕೆಳಗೇ ನಿಂತಿತು. ಆಮೇಲೆ ಅವರು ಸೈಲೆನ್ಸರಿನ ತುದಿಗೆ ಬಗ್ಗಿ, ತುಂಬ ಹೊತ್ತು ನೋಡಿದರು.

"ಇದನ್ನ ಯಾರು ಉಜ್ಜೋದು?"

"ನಾನೇ. ಯಾಕೆ ಸಾರ್?"

"ಇಷ್ಟು ಉಜ್ಜಬೇಡಿ. ನನ್ನ ಗುರುತು ಅಳಿಸಿ ಹೋಗುತ್ತೆ."

ಐವಿ ಬಗ್ಗಿ ನೋಡಿದಳು. ಏಳು ವರ್ಷ ವಿನಿಗರ್ ಹಾಕಿ ತಿಕ್ಕಿದ ಆ ಗೀರುಗಳು! ಒಂದರ ಪಕ್ಕ ಒಂದು, ನೀಟಾಗಿ, ಹತ್ತು. ಹತ್ತು ಕಾರು, ಹತ್ತು ಗೆರೆ. ಎರವಿನ ಗುಟ್ಟು ಇವರಿಗೆ ಮೊದಲಿನಿಂದಲೂ ಗೊತ್ತಿತ್ತು. ಮುಗಿಯಿತು ಕಥೆ, ಗ್ಯಾರೇಜು ಗಿಳಿಗಳ ಪಾಲು ಎಂದುಕೊಂಡಳು. ಬೇಲಿಯಾಚೆ ವಿಲ್ಫ್ ಸೀಟಿ ಹಾಕುತ್ತಿದ್ದ.

"ಇವತ್ತು ಕಾರಿನ ಮೇಲೆ ಏನಿದೆಯೋ ಅದನ್ನ ನೋಡೋದು ನನ್ನ ಕೆಲಸ," ಎಂದರು ಪಿಲ್ಲಿಂಗ್. "ನಾಳೆ ಏನಿರುತ್ತೆ ಅಂತ ನೋಡೋಕೆ ನಾನೇನು ಜ್ಯೋತಿಷಿ ಅಲ್ಲ."

ಜೇಬಿನಿಂದ ಬೀಗದ ಕೈ ತೆಗೆದರು. ಹತ್ತನೇ ಗೆರೆಯ ಪಕ್ಕ ಕರ್ರೆಂದು ಹನ್ನೊಂದನೆಯದನ್ನು ಎಳೆದರು.

ಐವಿ ಅತ್ತೇಬಿಟ್ಟಳು. ಎಣ್ಣೆ ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಂಡು ಕೆನ್ನೆಗೆಲ್ಲ ಮಸಿ ಮಾಡಿಕೊಂಡಳು. ಕಾಗದ ಕೊಡಲು ಒಳಗೆ ಕರೆದ ಪಿಲ್ಲಿಂಗ್, ಸಹಿ ಹಾಕಿ ಮುಗಿಸಿ, ಕೋಣೆಯ ಬಾಗಿಲು ಮುಂದೆ ಮಾಡಿ ಐದು ನಿಮಿಷ ಅವಳೊಡನೆ ಏನೋ ಪಿಸುಗುಟ್ಟಿದರು.

ಬೆಟ್ಟದ ಮೇಲಿನ ತಂಗುದಾಣದಲ್ಲಿ ಕಾರುಗಳು ನಿಂತವು. ರೋಲಂಡ್ ಆಗಲೇ ಹೂವಿನ ಗವಸು ತೊಟ್ಟು ಸಿದ್ಧನಾಗಿದ್ದ. "ಪಾಸಾಯ್ತಲ್ಲ, ಇನ್ನು ಅದು ನಿನಗ್ಯಾಕೆ? ಕಳಚಿ ಕೊಡೇ, ನಾನು ಜೋಪಾನ ಮಾಡ್ತೀನಿ."

ವಿಲ್ಫ್ ಕಿವಿಯ ಹತ್ತಿ ಕಿತ್ತ. ಸೋತವನ ಮುಖವೇ ಅಲ್ಲ. ಏಪ್ರಿಲಿನಲ್ಲಿ ಮೀಸೆಯಡಿ ಸುಳಿದಿದ್ದ ನಗು ಈಗ ಇಡೀ ಮುಖಕ್ಕೆ ಹರಡಿತ್ತು.

"ಶಭಾಷ್ ಕಣೇ! ಮಾತಂದ್ರೆ ಮಾತು, ಗ್ಯಾರೇಜು ನಿಂದೇ. ಆದ್ರೆ ಪಾಸಾದ ಕಾರು ಎಲ್ಲ ಕಾರಿನ ಹಾಗೆ ಮನೆ ಮುಂದೆ ನಿಲ್ಲುತ್ತೆ, ಅಲ್ವಾ? ನಿನ್ನ ಗ್ಯಾರೇಜು ಸುಮ್ನೆ ಖಾಲಿ ಬಿದ್ದಿರುತ್ತೆ. ಖಾಲಿ ಜಾಗದಲ್ಲಿ ನಾಲ್ಕು ಹಕ್ಕಿ ಇದ್ರೆ ನಿಂದೇನು ಗಂಟು ಹೋಗುತ್ತೆ? ಸೋಮವಾರ ಕಂಬ ನೆಡ್ತೀನಿ." ಜೇಬಿನ ಟೇಪನ್ನು ತಟ್ಟಿ ತೋರಿಸಿದ.

ಎಲಾ ಮುದುಕಪ್ಪ! ಗೆದ್ದರೂ ತನಗೆ, ಸೋತರೂ ತನಗೆ ಎಂದು ಮೊದಲೇ ಹವಣಿಸಿದ್ದ. ಐವಿ ಅವಸರ ಮಾಡಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಒಂದು ಗುಟುಕು ಕುಡಿದಳು.

"ಸೋಮವಾರ ಆಗಲ್ಲ ಚಿನ್ನ. ಸೋಮವಾರ ಮಿಸ್ಟರ್ ಪಿಲ್ಲಿಂಗ್ ಬರ್ತಾರೆ."

"ಎಲ್ಲಿಗೆ?"

"ನನ್ನ ಗ್ಯಾರೇಜಿಗೆ. ಇವತ್ತು ಅವರದ್ದು ಕೊನೇ ದಿನ, ನಾಳೆಯಿಂದ ನಿವೃತ್ತಿ. ಎರಡು ವರ್ಷದಿಂದ ಹದಿನೆಂಟು ಪೆಟ್ಟಿಗೆ ಬಿಡಿಭಾಗ ಮಂಚದಡಿ ಇಟ್ಕೊಂಡು ಮಲಗ್ತಿದ್ದಾರಂತೆ ಪಾಪ, ಮೂರನೇ ಮಹಡಿ ಮನೆ. ಚೌಕಟ್ಟು ಇಡೋಕೆ ಜಾಗ ಬೇಕಂತೆ. ಏಳು ವರ್ಷಕ್ಕೆ ಅಂತ ಒಪ್ಕೊಂಡಿದ್ದೀನಿ."

ವಿಲ್ಫ್ ಜೇಬಿನಿಂದ ಟೇಪು ತೆಗೆದು, ಒಮ್ಮೆ ನೋಡಿ, ಮತ್ತೆ ಒಳಗೆ ತುರುಕಿದ. ರೋಲಂಡ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಅವನಿಗೆ ಏನೋ ಹೊಳೆಯಿತು, ನಗು ನಿಂತಿತು.

"ಹಂಗಾದ್ರೆ... ಸೈಲೆನ್ಸರು?"

"ಅದೂ ಅವರಿಗೇ. ಕೇಕಿಗೆ ಈಗ್ಲೇ ಹಣ್ಣು ನೆನೆ ಹಾಕ್ತಾರಂತೆ," ಎಂದು ಐವಿ ಫ್ಲಾಸ್ಕು ಮುಚ್ಚಿದಳು. "ಹನ್ನೆರಡನೇ ಗೆರೆ ಎಳೆಯೋಕೆ ಆ ಬೀಗದ ಕೈನ ನನಗೇ ಕೊಟ್ಬಿಟ್ಟಿದ್ದಾರೆ."