ಗೀರು ಸಾಹೇಬರ ಪಟ್ಟಿ

ಆಫೀಸಿನ ಕೆಲಸ ಬಿಟ್ಟು ಬಾಡಿಗೆ ಮನೆಗಳನ್ನೇ ಕಸುಬು ಮಾಡಿಕೊಂಡು ಗೆದ್ದವರು ಯಾರಾದರೂ ಇದ್ದಾರಾ ಎಂದು ನಮ್ಮ ಕಂಪನಿಯಲ್ಲಿ ಕೇಳಿದರೆ, ಎಲ್ಲರೂ ಈಗಲೂ ಹೇಳುವುದು ಗೀರು ಸಾಹೇಬರ ಹೆಸರನ್ನೇ. ಎರಡು ಕಟ್ಟಡ, ಹದಿನೈದು ಕೋಣೆ, ಒಂದೂ ಖಾಲಿ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಕಟ್ಟಡದ ಮುಂದೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಇದೆಲ್ಲ ನಿಜವೇ. ಆದರೆ ಅವರ ಮೊದಲ ಕಟ್ಟಡದಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದವನು ನಾನು. ಆಫೀಸಿನವರಿಗೆ ಗೊತ್ತಿಲ್ಲದ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ವಾಹನ ವಿಮೆಯ ಕಂಪನಿ. ಗುದ್ದಿಸಿಕೊಂಡು ಬಂದ ಕಾರುಗಳನ್ನು ನೋಡಿ, ಯಾವ ಏಟಿಗೆ ಕಂಪನಿ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತೀರ್ಮಾನಿಸುವುದು ಸಾಹೇಬರ ಕೆಲಸ. ಇಪ್ಪತ್ತೊಂದು ವರ್ಷ ಅದನ್ನೇ ಮಾಡಿದರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಕೆಲಸಕ್ಕೆ ಸೇರಿದ ದಿನವೇ ನನ್ನನ್ನು ಅವರ ಕೈಕೆಳಗೆ ಹಾಕಿದರು. ಅವರು ಕಾರಿನ ಸುತ್ತ ಮಾತಿಲ್ಲದೆ ಒಂದು ಸುತ್ತು ಬರುತ್ತಿದ್ದರು. ಆಮೇಲೆ ತೋರುಬೆರಳನ್ನು ಗೀರಿನ ಉದ್ದಕ್ಕೂ ಎಳೆದು, “ಇದು ಹೊಸದು, ಬರ್ಕೋ” ಎನ್ನುತ್ತಿದ್ದರು. ಒಂದು ಗೇಣು ಆಚೆ ಹೋಗಿ, “ಇದು ಹಳೇದು. ಆರು ತಿಂಗಳಾದರೂ ಆಗಿದೆ. ಬಿಡು.” ನಮ್ಮಪ್ಪ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವಾಗ ಇರುತ್ತಿದ್ದ ಗತ್ತೇ ಅವರಲ್ಲೂ ಇತ್ತು. ಕಾರಿನವರು ಕೂಗಾಡುತ್ತಿದ್ದರು, ಕೈ ಮುಗಿಯುತ್ತಿದ್ದರು. ಒಬ್ಬ ಕಂಟ್ರಾಕ್ಟರು ಒಮ್ಮೆ ಮೇಜಿನ ಮೇಲೆ ಲಕೋಟೆ ಇಟ್ಟ. ಸಾಹೇಬರು ಅದನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿ, “ಗೀರು ಹಳೇದು ಸ್ವಾಮಿ. ನೀವೇನು ಕೊಟ್ರೂ ಅದು ಹೊಸದಾಗಲ್ಲ” ಎಂದರು. ಆ ಹೆಸರು ಅವರಿಗೆ ಬಿದ್ದದ್ದು ಹಾಗೆ. ಹಿಂದಿನಿಂದ ಕರೆಯಲು ಶುರುವಾದದ್ದು, ಬರುಬರುತ್ತಾ ಎದುರಿಗೇ ಕರೆಯುವಂತಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು.

ಆಮೇಲೆ ಕಂಪನಿ ಫೋಟೋ ನೋಡಿಯೇ ಕ್ಲೇಮು ತೀರ್ಮಾನಿಸಲು ಶುರು ಮಾಡಿತು. ಕಾರಿನವರೇ ಫೋನಿನಲ್ಲಿ ತೆಗೆದು ಕಳಿಸಿದರಾಯಿತು. ಹೊಸ ಮ್ಯಾನೇಜರು ಸಾಹೇಬರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಮೀಟಿಂಗಿನಲ್ಲಿ, “ಸರ್, ಇನ್ಮೇಲೆ ನಿಮ್ಮ ಬೆರಳಿಗೆ ರೆಸ್ಟು” ಎಂದ. ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಆದರೆ ನಾಲ್ಕು ತಿಂಗಳಿಗೆ ರಾಜೀನಾಮೆ ಬರೆದು ಕೊಟ್ಟರು. ಕೊನೆಯ ದಿನ ಡ್ರಾಯರು ಖಾಲಿ ಮಾಡುತ್ತಾ ನನಗೆ ಹೇಳಿದರು: “ಸಂಬಳ ಅನ್ನೋದು ಇನ್ನೊಬ್ಬರ ಮರ್ಜಿ ಕಣಯ್ಯ. ಬಾಡಿಗೆ ಹಾಗಲ್ಲ. ನನಗೆ ಜ್ವರ ಬಂದು ಮಲಗಿದ್ರೂ ಅದು ಬರುತ್ತೆ.”

ಅವರು ನೋಡಿಟ್ಟಿದ್ದದ್ದು ಶಾಲೆಯ ಹತ್ತಿರದ ಎರಡಂತಸ್ತಿನ ಹಳೆಯ ಕಟ್ಟಡ, ಏಳು ಕೋಣೆ. ಕಂಪನಿ ಕೊಟ್ಟ ಹಣ, ಬ್ಯಾಂಕಿನ ಸಾಲ ಎರಡೂ ಸೇರಿ ಸಾಲಲಿಲ್ಲ. ಉಳಿದದ್ದು ಅವರ ತಂದೆಯ ಮನೆ. ಅದರಲ್ಲಿ ಅವರ ಅಕ್ಕ ಇದ್ದರು, ಅರ್ಧ ಪಾಲೂ ಅಕ್ಕನದು. ಸಾಹೇಬರಿಗಿಂತ ಒಂಬತ್ತು ವರ್ಷ ದೊಡ್ಡವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿದು ತಮ್ಮನನ್ನು ಓದಿಸಿದ್ದರು. ಮನೆ ಮಾರುವ ಕಾಗದ ಹಿಡಿದುಕೊಂಡು ಸಾಹೇಬರ ಜೊತೆ ನಾನೂ ಹೋಗಿದ್ದೆ. ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಮಾತಾಡಿದರು.

“ನನ್ನ ಪಾಲು ತಗೊಂಡು ನಾನೇನ್ ಮಾಡ್ಲಿ, ದಿಂಬಿನೊಳಗೆ ತುಂಬಿಸ್ಲಾ? ನೀನೇ ತಗೋ. ನನಗೊಂದು ಕೋಣೆ ಕೊಡು. ರಸ್ತೆಗೆ ಬಾಗಿಲಿರ್ಲಿ, ಗಿರಾಕಿ ಬರೋ ಹಾಗಿರ್ಲಿ. ಸಾಯೋ ತನಕ ಅಲ್ಲಿಂದ ಎಬ್ಬಿಸ್ಬೇಡ, ಅಷ್ಟೆ.”

“ಏನಕ್ಕ ನೀನು, ಒಂದು ಕೋಣೆ ಯಾಕೆ, ಕಟ್ಟಡಾನೇ ನಿಂದು.”

“ಅಷ್ಟೊಂದು ಬೇಡಪ್ಪ, ಗುಡಿಸೋಕೆ ಆಗಲ್ಲ.”

ಅಷ್ಟೇ ಮಾತು. ಕಾಗದ ಗೀಗದ ಏನೂ ಆಗಲಿಲ್ಲ. ಅಕ್ಕ ತಮ್ಮನ ನಡುವೆ ಅದನ್ನು ಕೇಳುವವರು ಯಾರು?

ಕಟ್ಟಡ ಕೈಗೆ ಬಂದ ಮೇಲೆ ಸಾಹೇಬರು ಮಾಡಿದ ಮೊದಲ ಕೆಲಸ ಪಟ್ಟಿ. ಪ್ರತಿ ಕೋಣೆಗೂ ಮೂವತ್ತನಾಲ್ಕು ಸಾಲು. ಬಾಗಿಲು, ಚಿಲಕ, ಸ್ವಿಚ್ಚು, ನಲ್ಲಿ, ಗೋಡೆಯ ಮೊಳೆಯ ತೂತು, ನೆಲದ ಬಿರುಕು, ಒಂದೊಂದೂ ಬೇರೆ ಬೇರೆ, ಹಳೆಯದೋ ಹೊಸದೋ ಎಂಬುದರ ಸಮೇತ. ಬಾಡಿಗೆಗೆ ಬರುವವರು ಎರಡು ಪ್ರತಿಗೆ ಸಹಿ ಹಾಕಬೇಕು. ಬಿಟ್ಟು ಹೋಗುವ ದಿನ ಪಟ್ಟಿ ಓದಿಸಿ ನೋಡಿ, ಹೊಸದೇನಾದರೂ ಕಂಡರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು. ನನ್ನ ಅಕ್ಷರ ದುಂಡಗಿತ್ತು. ಪಟ್ಟಿಗಳನ್ನು ಬರೆದುಕೊಟ್ಟದ್ದಕ್ಕೆ ಮೇಲಿನ ಮೂಲೆಯ ಕೋಣೆಯನ್ನು ನನಗೆ ಅರ್ಧ ಬಾಡಿಗೆಗೆ ಕೊಟ್ಟರು. ಊರಿಗೆ ದುಡ್ಡು ಕಳಿಸಬೇಕಾಗಿದ್ದ ನನಗೆ ಆ ಅರ್ಧ ದೊಡ್ಡದೇ.

ಎದುರು ಕೋಣೆಯಲ್ಲಿ ಗೂಡ್ಸ್ ಆಟೋದ ಡ್ರೈವರು ಸಂಸಾರ ಸಮೇತ ಇದ್ದ. ತನ್ನ ಮಗಳ ಎತ್ತರ ನೋಡಲು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ. ಸಾಹೇಬರು ಅದರ ಮೇಲೆ ಬೆರಳಾಡಿಸಿ, “ಇದು ಪಟ್ಟಿಲಿಲ್ಲ” ಎಂದರು.

“ಮಗು ಬೆಳೀತಿರೋದೂ ಪಟ್ಟಿಲಿಲ್ಲ ಸಾಹೇಬ್ರೇ. ಅದಕ್ಕೂ ಮುರ್ಕೊಳ್ತೀರಾ?” ಎಂದ ಡ್ರೈವರು.

“ಬಣ್ಣ ಹೊಡೆಸೋನು ನೀನಾ, ನಾನಾ?”

“ನೀವು ಕಾರು ಬಿಟ್ರಿ, ಮನೆ ಹಿಡಿದ್ರಿ. ಕಣ್ಣು ಮಾತ್ರ ಗ್ಯಾರೇಜಿನಲ್ಲೇ ಇದೆ.”

ಸಾಹೇಬರು ನಕ್ಕರು. ಬಣ್ಣದ ಖರ್ಚನ್ನು ಬಿಡಲಿಲ್ಲ.

ಅಕ್ಕ ಕೆಳಗಿನ ಮುಂದಿನ ಕೋಣೆಗೆ ಬಂದರು. ರಸ್ತೆಗೆ ಬಾಗಿಲು, ಕಿಟಕಿಯ ಕೆಳಗೆ ಮೆಷಿನ್ನು. ವಾರವಾಗುವಷ್ಟರಲ್ಲಿ ಶಾಲೆಯ ಮಕ್ಕಳ ತಾಯಂದಿರು ಬಾಗಿಲಲ್ಲಿ ನಿಂತು ಹರಟತೊಡಗಿದರು. ಆ ಕೋಣೆಗೂ ಪಟ್ಟಿ ಬರಿ ಎಂದು ಸಾಹೇಬರು ಹೇಳಿದಾಗ ನಾನು ಹಿಂಜರಿದೆ. “ಅಕ್ಕನಿಗೂ ಬೇಕಾ ಸರ್?” ಎಂದೆ.

“ಒಂದು ಕೋಣೆಗಿಲ್ಲ ಅಂದ್ರೆ ಉಳಿದವರು ಬಾಯಿ ಬಿಡ್ತಾರೆ. ನಿಯಮ ಎಲ್ಲರಿಗೂ ಒಂದೇ.”

ಅವರಿಗೆ ಅದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಪಟ್ಟಿ ಇಲ್ಲದ ಕೋಣೆ ಅವರ ತಲೆಯೊಳಗೆ ಕೂರುತ್ತಿರಲಿಲ್ಲ, ಅಷ್ಟೆ. ಅವರು ನೆಲದ ಮೇಲೆ ಮಂಡಿಯೂರಿ ಬೆರಳಾಡಿಸಿ ಒಂದೊಂದಾಗಿ ಹೇಳಿದರು, ನಾನು ಬರೆದೆ. ಅಕ್ಕ ಪೂರ್ತಿ ಓದಿದರು. ‘ಬಾಡಿಗೆದಾರರ ಸಹಿ’ ಎಂಬ ಕಡೆ ಬೆರಳಿಟ್ಟು, “ಇದು ನಾನೇನೋ?” ಎಂದು ತಮ್ಮನನ್ನು ಕೇಳಿದರು.

“ಅದು ಸುಮ್ನೆ ಫಾರಂ ಅಕ್ಕ.”

ಅಕ್ಕ ಸಹಿ ಹಾಕಿ, ತಮ್ಮ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಮೆಷಿನ್ನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗೆ ಇಟ್ಟುಕೊಂಡರು.

ಮೂರು ವರ್ಷ ಎಲ್ಲ ಸರಿಯಾಗಿತ್ತು. ನಾಲ್ಕನೆಯ ವರ್ಷ ಹತ್ತಿರದ ಕಾರ್ಖಾನೆ ಊರಾಚೆಗೆ ಹೋಯಿತು, ಅದರ ಜನವೂ ಹೋದರು. ಏಳರಲ್ಲಿ ಮೂರು ಕೋಣೆ ಖಾಲಿ ಬಿದ್ದವು. ಜ್ವರ ಬಂದು ಮಲಗಿದರೂ ಬರುತ್ತದೆ ಎಂದಿದ್ದ ಬಾಡಿಗೆ, ಸಾಹೇಬರು ಗಟ್ಟಿಮುಟ್ಟಾಗಿದ್ದಾಗಲೇ ಬರಲಿಲ್ಲ. ಬ್ಯಾಂಕಿನ ಕಂತು ಮಾತ್ರ ತಪ್ಪಲಿಲ್ಲ. ಅವರು ಕ್ಷೌರ ಮಾಡಿಕೊಳ್ಳುವುದನ್ನು ಮುಂದೂಡತೊಡಗಿದರು. ಹಳೆಯ ಆಫೀಸಿನವರು ಎದುರಾದರೆ ರಸ್ತೆ ದಾಟಿಬಿಡುತ್ತಿದ್ದರು.

ಆಗ ಔಷಧಿ ಅಂಗಡಿಯವನು ಬಂದ. ಅವನಿಗೆ ರಸ್ತೆಗೆ ಬಾಗಿಲಿರುವ ಕೋಣೆಯೇ ಬೇಕು. ಖಾಲಿ ಬಿದ್ದ ಮೂರೂ ಕೋಣೆಗಳಿಂದ ಬರಬೇಕಾದ ಬಾಡಿಗೆಯನ್ನು ಅದೊಂದಕ್ಕೇ ಕೊಡುತ್ತೇನೆ ಎಂದ. ಹಾಗಿದ್ದ ಕೋಣೆ ಒಂದೇ.

ಒಂದು ವಾರ ಸಾಹೇಬರು ಅಕ್ಕನ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟು ಪಕ್ಕದ ಓಣಿಯಿಂದ ಓಡಾಡಿದರು. ಎಂಟನೆಯ ದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಅಕ್ಕನ ಕೋಣೆಗೆ ಹೋದರು. ಕೈಯಲ್ಲಿ ಪಟ್ಟಿ ಇರಲಿಲ್ಲ. ಮೆಷಿನ್ನಿನ ಹತ್ತಿರ ಬಗ್ಗಿ, ನೆಲದ ಎರಡು ಕಲ್ಲುಗಳ ಮೇಲಿದ್ದ ಬಿರುಕಿನ ಉದ್ದಕ್ಕೂ ಬೆರಳೆಳೆದರು.

“ಅಕ್ಕ, ಮೆಷಿನ್ ಭಾರಕ್ಕೆ ನೆಲ ಸೀಳ್ತಾ ಇದೆ ನೋಡು. ಹಿಂದಿನ ಕೋಣೆ ನೆಲ ಸಿಮೆಂಟಿನದು, ಗಟ್ಟಿ. ಅಲ್ಲಿಗೆ ಹಾಕ್ಕೊಂಡ್ರೆ ಒಳ್ಳೇದು.”

ಹಿಂದಿನ ಕೋಣೆಗೆ ಹೋಗಲು ನೀರಿನ ತೊಟ್ಟಿ ಸುತ್ತಬೇಕು. ಕಿಟಕಿ ತೆಗೆದರೆ ಪಕ್ಕದ ಗೋಡೆ. ಅಲ್ಲಿಗೆ ಯಾವ ತಾಯಿಯೂ ಯೂನಿಫಾರ್ಮ್ ಬಟ್ಟೆ ಹಿಡಿದು ಬರುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಅಕ್ಕ ತುಳಿಯುವುದನ್ನು ನಿಲ್ಲಿಸಿದರು. “ಇದು ಮೆಷಿನ್ನಿಂದ ಬಿಟ್ಟಿದ್ದಾ?”

“ಮತ್ತೆ? ಹೊಸದು. ನೋಡಿದ್ರೇ ಗೊತ್ತಾಗುತ್ತೆ.”

ಆ ಬಿರುಕು ಪಟ್ಟಿಯ ಹದಿನೇಳನೆಯ ಸಾಲು. ಸಾಹೇಬರೇ ಹೇಳಿ, ನಾನೇ ಬರೆದದ್ದು. ಲಕೋಟೆ ಹಿಂದಕ್ಕೆ ತಳ್ಳಿದ ಅದೇ ಬೆರಳು ಈಗ ಅದರ ಮೇಲಿತ್ತು. ಅಂಗಡಿಗೆ ಕೋಣೆ ಬೇಕು ಎಂದು ಬಾಯಿಬಿಟ್ಟು ಕೇಳಿದ್ದರೆ, ಅಕ್ಕ ಬೈದಾದರೂ ಬಿಟ್ಟುಕೊಡುತ್ತಿದ್ದರೇನೋ. ಕೇಳಲು ಅವರಿಗೆ ಬಾಯಿ ಬರಲಿಲ್ಲ. ತಮಗೆ ಚೆನ್ನಾಗಿ ಬರುತ್ತಿದ್ದ ಒಂದೇ ಕೆಲಸದ ಮರೆಯಲ್ಲಿ ನಿಂತರು.

ಅಕ್ಕ ನನ್ನ ಕಡೆ ನೋಡಿದರು. “ನೀನು ಬರೆದವನಲ್ವೇನಪ್ಪ? ಏನಂತೀಯ?”

ನನಗೆ ಅರ್ಧ ಬಾಡಿಗೆಯ ಕೋಣೆ ನೆನಪಾಯಿತು. “ಸರಿಯಾಗಿ ನೆನಪಿಲ್ಲ ಅಕ್ಕ” ಎಂದೆ.

“ಹಾಗಿದ್ರೆ ಹೊಸದೇ ಇರ್ಬೇಕು,” ಎಂದರು ಅಕ್ಕ. ಮತ್ತೆ ತುಳಿಯತೊಡಗಿದರು. ಡ್ರಾಯರಿನ ಕಡೆ ಕೈಯನ್ನೂ ಹಾಕಲಿಲ್ಲ.

ಅವರು ಹಿಂದಿನ ಕೋಣೆಗೆ ಹೋಗಲಿಲ್ಲ. ಶಾಲೆಯ ಆಚೆ ಬದಿಯಲ್ಲಿ, ಬಟ್ಟೆ ಅಂಗಡಿಯವನ ಗೋದಾಮಿಗೆ ಅಂಟಿಕೊಂಡ ತಗಡಿನ ಕೋಣೆಯೊಂದನ್ನು ಹಿಡಿದರು. ಅದಕ್ಕೂ ರಸ್ತೆಗೆ ಬಾಗಿಲಿತ್ತು. ಬಾಡಿಗೆಯೂ ಇತ್ತು. ಅರವತ್ತಮೂರನೆಯ ವಯಸ್ಸಿನಲ್ಲಿ ಅವರು ಮೊದಲ ಸಲ ಬಾಡಿಗೆ ಕೊಡಲು ಶುರು ಮಾಡಿದರು.

ಹೊರಡುವ ದಿನ ಡ್ರೈವರು ದುಡ್ಡು ತೆಗೆದುಕೊಳ್ಳದೆ ಮೆಷಿನ್ನನ್ನು ತನ್ನ ಆಟೋಕ್ಕೆ ಏರಿಸಿದ. ಕೋಣೆ ಗುಡಿಸಿ ಒರೆಸಿತ್ತು. ಅಕ್ಕ ಕನ್ನಡಕ ಹಾಕಿಕೊಂಡು, ಮಡಿಕೆ ಬಿಚ್ಚಿದ ಪಟ್ಟಿ ಹಿಡಿದು ನಡುವೆ ನಿಂತಿದ್ದರು. “ಬಾ, ನೋಡ್ಕೋ” ಎಂದು ತಮ್ಮನನ್ನು ಕರೆದರು.

“ನಿಂಗೆಂಥ ಪಟ್ಟಿ ಅಕ್ಕ. ಕೊಡಿಲ್ಲಿ.”

“ಯಾಕೆ, ನಾನು ಸಹಿ ಹಾಕಿಲ್ವಾ? ನಿಂತ್ಕೋ ಅಲ್ಲಿ. ಒಂದು. ಮುಂಬಾಗಿಲು, ಚಿಲಕ ಸಮೇತ.”

ಸಾಹೇಬರು ನನ್ನನ್ನು ನೋಡಿದರು, ಡ್ರೈವರನ್ನು ನೋಡಿದರು. “ಇದೆ.”

“ಎರಡು. ಒಳಗಿನ ಅಗುಳಿ.”

“ಇದೆ.”

ಅಕ್ಕ ಅವಸರ ಮಾಡಲಿಲ್ಲ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಸ್ವಿಚ್ಚು ಹಾಕಿ ತೋರಿಸಿದರು, ನಲ್ಲಿ ತಿರುಗಿಸಿ ತೋರಿಸಿದರು. ಪ್ರತಿಯೊಂದಕ್ಕೂ ಉತ್ತರ ಬರುವವರೆಗೆ ಕಾದರು.

“ಹದಿನೇಳು. ಕಿಟಕಿಯ ಕೆಳಗೆ ನೆಲದಲ್ಲಿ, ಎರಡು ಕಲ್ಲುಗಳಲ್ಲಿ ಬಿರುಕು. ಹಳೆಯದು.”

ಮೆಷಿನ್ನಿಲ್ಲದ ಜಾಗದಲ್ಲಿ ಬಿರುಕು ಎದ್ದು ಕಾಣುತ್ತಿತ್ತು. ಸಾಹೇಬರ ತೋರುಬೆರಳು ಹೆಬ್ಬೆರಳನ್ನು ಉಜ್ಜುತ್ತಿತ್ತು. ಬಾಗಿಲಲ್ಲಿ ಡ್ರೈವರು ಎತ್ತಿಕೊಂಡಿದ್ದ ಬಟ್ಟೆಯ ಗಂಟನ್ನು ಕೆಳಗಿಟ್ಟ.

“ಇದೆಯೇನೋ?” ಎಂದರು ಅಕ್ಕ.

“ಇದೆ.”

“ಹದಿನೆಂಟು. ಕಿಟಕಿಯ ಸರಳು, ಆರು.”

ಕೊನೆಯ ಸಾಲು ಬೀಗದ ಕೈ, ಎರಡು. ಬೇಗ ಕೈಗೆ ಸಿಗಲೆಂದು ಅಕ್ಕ ಒಂದಕ್ಕೆ ಯೂನಿಫಾರ್ಮಿನ ಕೆಂಪು ಬಟ್ಟೆಯ ತುಂಡು ಕಟ್ಟಿದ್ದರು. ಗಂಟು ಬಿಗಿದುಹೋಗಿತ್ತು. ಚೀಲದಿಂದ ಕತ್ತರಿ ತೆಗೆದು ಅದನ್ನು ಕತ್ತರಿಸಿಕೊಂಡು, ಬರಿಯ ಕೀಲಿಗಳನ್ನು ತಮ್ಮನ ಅಂಗೈಗೆ ಹಾಕಿದರು. “ಬಟ್ಟೆ ನಂದು” ಎಂದು ಹೇಳಿ, ಡ್ರೈವರನ ಪಕ್ಕ ಹತ್ತಿ ಕೂತರು.

ಆಟೋ ತಿರುವು ದಾಟುವವರೆಗೂ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಕೀಲಿಗಳನ್ನು ಜೇಬಿಗೆ ಹಾಕಿಕೊಂಡು, “ಅಂಗಡಿಯವರು ನೆಲ ಹೊಸದಾಗಿ ಹಾಕಿಸ್ತಾರಂತೆ. ಅವರ ಪಟ್ಟೀಲಿ ಆ ಸಾಲು ಖಾಲಿ ಬಿಟ್ಟು ಬರಿ” ಎಂದರು.

ನಾನು ಮೇಲೆ ನನ್ನ ಕೋಣೆಗೆ ಹೋಗಿ, ಹದಿನೇಳನ್ನು ಬಿಟ್ಟು ಉಳಿದ ಮೂವತ್ತಮೂರು ಸಾಲುಗಳನ್ನೂ ದುಂಡಗೆ ಬರೆದೆ.