ಕಿರುಚದ ದೆವ್ವ

ನಾನು ಸಿನಿಮಾಗಳಲ್ಲಿ ಮಕ್ಕಳಿಗೆ ದನಿ ಕೊಡುವವಳು. ಮನೆಯಲ್ಲಿ ಮೊಮ್ಮಕ್ಕಳಿದ್ದರೂ ಪರದೆಯ ಮೇಲೆ ನಾನಿನ್ನೂ ಆಟದ ಸಾಮಾನಿಗೆ ರಚ್ಚೆ ಹಿಡಿಯುವ ಹುಡುಗ. ನಮ್ಮ ಪಕ್ಕದ ಮನೆಯ ಅಕ್ಕ ದನಿ ಕೊಡುತ್ತಿದ್ದದ್ದು ದೆವ್ವಗಳಿಗೆ. ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ದೆವ್ವದಕ್ಕ. ಹಾಗೆ ಕರೆದರೆ ಅವಳಿಗೆ ಬೇಜಾರಿರಲಿಲ್ಲ. "ಸದ್ಯ, ಪಿಶಾಚಿ ಅನ್ನಲಿಲ್ವಲ್ಲ" ಅನ್ನುತ್ತಿದ್ದಳು.

ನಮ್ಮ ಕೆಲಸದ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ದಪ್ಪ ಮೆತ್ತೆ, ಎದುರಿಗೆ ಪರದೆ, ನಡುವೆ ಮೈಕು. ಗಾಜಿನ ಆಚೆ ರೆಕಾರ್ಡಿಂಗ್ ಮಾಡುವವನು ಸಿನಿಮಾದ ಅದೇ ತುಣುಕನ್ನು ಮತ್ತೆ ಮತ್ತೆ ಹಾಕುತ್ತಾನೆ. ನಟಿಯ ತುಟಿ ಮುಚ್ಚಿದಾಗ ನಮ್ಮದೂ ಮುಚ್ಚಬೇಕು, ತೆರೆದಾಗ ತೆರೆಯಬೇಕು. ಕಿರುಚಾಟವನ್ನು ಮಾತ್ರ ಎಲ್ಲ ಮಾತು ಮುಗಿದ ಮೇಲೆ ಕೊನೆಗೆ ಇಟ್ಟುಕೊಳ್ಳುತ್ತೇವೆ. ಒಮ್ಮೆ ಕಿರುಚಿದರೆ ಆ ಗಂಟಲು ಅವತ್ತು ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ. ಅಕ್ಕ ಹೀಗೆ ಗಂಟಲು ಹರಿದುಕೊಂಡೇ ತಮ್ಮನನ್ನು ಓದಿಸಿದಳು, ಮನೆ ನಡೆಸಿದಳು, ಅಮ್ಮನನ್ನು ಸಾಕಿದಳು.

ಆ ಅಮ್ಮನಿಗೆ ಕಣ್ಣು ಪೂರ್ತಿ ಹೋಗಿತ್ತು. ನೆನಪೂ ಸಡಿಲವಾಗುತ್ತಿತ್ತು. ಜನರನ್ನು ಗುರುತು ಹಿಡಿಯಲು ಅವರ ದನಿಯೊಂದೇ ಗತಿ. ಒಂದು ಸಲ ದೊಡ್ಡದೊಂದು ದೆವ್ವದ ಸಿನಿಮಾ ಮುಗಿಸಿ ಅಕ್ಕ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಅವಳ ದನಿ ತಗಡು ಉಜ್ಜಿದ ಹಾಗಾಗಿತ್ತು. "ಅಮ್ಮ, ಊಟ ಆಯ್ತಾ?" ಎಂದು ಕೈ ಹಿಡಿದಳು. ಅಮ್ಮ ಕೈ ಕೊಸರಿಕೊಂಡರು.

"ಯಾರಮ್ಮ ನೀವು? ನನ್ನ ಮಗಳು ಬರೋ ಹೊತ್ತಾಯ್ತು. ಅವಳು ಬಂದ ಮೇಲೆ ಬನ್ನಿ."

ದನಿ ಸರಿಹೋಗುವವರೆಗೂ ಅಮ್ಮ ಅವಳ ಕೈಯಲ್ಲಿ ಒಂದು ತುತ್ತೂ ತಿನ್ನಲಿಲ್ಲ. ಬಾಗಿಲ ಕಡೆ ಕಿವಿಯಿಟ್ಟು ಮಗಳಿಗಾಗಿ ಕಾಯುತ್ತಿದ್ದರು. ಮಗಳು ಎದುರಿಗೇ ಕೂತು ಅಳುತ್ತಿದ್ದಳು. ನೋಡಲಾರದೆ ನಾನೇ ಹೋಗಿ ಉಣ್ಣಿಸಿದೆ. ಡಾಕ್ಟರು ಗಂಟಲಲ್ಲಿ ಗಂಟಾಗಿದೆ ಎಂದರು. ಮಾತಾಡಬಹುದು, ಕಿರುಚುವ ಹಾಗಿಲ್ಲ. ಇನ್ನೊಮ್ಮೆ ಕಿರುಚಿದರೆ ಹಳೆಯ ದನಿ ವಾಪಸ್ಸು ಬರುತ್ತದೆಂದು ಹೇಳಲಾರೆ ಎಂದರು.

ಅಷ್ಟರಲ್ಲಿ ಮುಂದಿನ ಸಿನಿಮಾ ಬಂತು. ಮಾತೆಲ್ಲ ಮುಗಿದು ಕಿರುಚುವ ತುಣುಕು ಉಳಿಯಿತು. ಗಂಡನ ಮನೆಯಲ್ಲಿ ಸತ್ತ ಹೆಂಗಸು ದೆವ್ವವಾಗಿ ಬಂದು, ಊಟಕ್ಕೆ ಕೂತ ಮನೆಯವರ ಮುಂದೆ ಬಾಯಿ ಅಗಲಿಸಿ ನಿಲ್ಲುತ್ತಾಳೆ. ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು: "ಸರ್, ನಾನು ಕಿರುಚಲ್ಲ."

ನಿರ್ದೇಶಕ ಕೆಟ್ಟವನಲ್ಲ, ಗಡಿಬಿಡಿಯವನು. "ಕಿರುಚದೆ ಇದ್ರೆ ಜನ ಹೆದರೋದು ಹೇಗಮ್ಮ?"

"ಇವಳು ಹೆದರ್ಸೋಕೆ ಬಂದೋಳಲ್ಲ ಸರ್. ಬದುಕಿದ್ದಾಗ ಇವಳ ಮಾತನ್ನ ಆ ಮನೇಲಿ ಒಬ್ಬರಾದ್ರೂ ಕೇಳಿದ್ರಾ? ಕೇಳಲಿಲ್ಲ ಅಂತ ತಾನೇ ಸತ್ತ ಮೇಲೂ ಬಂದಿರೋದು? ಅಲ್ಲಿಂದ ಇಲ್ಲಿಗೆ ಬಂದು ಬರೀ ಕಿರುಚಿ ಹೋಗ್ತಾಳಾ?"

ನನಗೆ ಹೌದಲ್ಲ ಅನ್ನಿಸಿತು. ನಾಟಕದ ದೆವ್ವ ಬಂದು ನ್ಯಾಯ ಕೇಳುತ್ತದೆ. ಕಥೆಯ ದೆವ್ವ ಮನೆಯ ಮೂಲೆಯಲ್ಲಿ ಯಾರಿಗೋ ಕಾಯುತ್ತದೆ. ಏನೂ ಬಾಕಿಯಿಲ್ಲದೆ ಸುಮ್ಮನೆ ಬಂದ ದೆವ್ವದ ಬಗ್ಗೆ ನಾನಂತೂ ಕೇಳಿಲ್ಲ. ಅದರ ಮಾತು ಕೇಳುವ ಧೈರ್ಯವಿಲ್ಲದ ನಾವೇ ಅದಕ್ಕೆ ಕೂದಲು ಕೆದರಿ, ಬಿಳಿ ಬಟ್ಟೆ ಸುತ್ತಿ, ಕಿರುಚು ಎಂದು ನಿಲ್ಲಿಸುತ್ತೇವೆ.

ನಿರ್ದೇಶಕ ನನ್ನ ಕಡೆ ತಿರುಗಿದ. "ನೀವಾದ್ರೂ ಕಿರುಚ್ತೀರಾ?"

ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. "ನನ್ನ ಗಂಟಲೇನು ಬಿಟ್ಟಿ ಬಿದ್ದಿದೆಯಾ? ಅಷ್ಟು ಬೇಕಿದ್ರೆ ನೀವೇ ಕಿರುಚಿ. ಚೆನ್ನಾಗೇ ಬರತ್ತೆ ನಿಮಗೆ" ಎಂದೆ. ಗಾಜಿನ ಆಚೆ ರೆಕಾರ್ಡಿಂಗ್‌ನವನು ನಗು ತಡೆಯಲಾರದೆ ಕುರ್ಚಿ ತಿರುಗಿಸಿ ಕೂತ. ಆಮೇಲೆ ಅವನೇ ಮೈಕಿನಲ್ಲಿ ತಕರಾರು ತೆಗೆದ. "ಅಕ್ಕ, ಆ ನಟಿ ಬಾಯಿ ತೆರೆದೋಳು ಮುಚ್ಚೋದೇ ಇಲ್ಲ. ತುಟಿಗೆ ತುಟಿ ತಾಗಲ್ಲ. ಅದರೊಳಗೆ ಯಾವ ಮಾತು ಕೂರ್ಸ್ತೀರಿ?"

"ಯೋಚನೆ ಮಾಡ್ಕೊಂಡೇ ಬಂದಿದೀನಿ. ನೀನು ಹಾಕು."

ದೀಪ ಆರಿತು. ಪರದೆಯ ಮೇಲೆ ಆ ಹೆಂಗಸು ಬಾಯಿ ತೆರೆದಳು. ಅಕ್ಕ ಮೈಕಿಗೆ ಹತ್ತಿರವಾಗಿ, ಪಕ್ಕದಲ್ಲಿ ಕೂತವರನ್ನು ಕೇಳುವಷ್ಟೇ ಮೆಲ್ಲಗೆ ಕೇಳಿದಳು: "ಯಾಕೆ?"

ಅಷ್ಟೇ. ತುಟಿಗೆ ತುಟಿ ತಾಗಿಸದೆ ಆಡಬಹುದಾದ ಮಾತು. ಮೊದಲ ಸಲ ಅವಸರವಾಯಿತು, ಆಮೇಲೆ ಉಸಿರು ಜಾಸ್ತಿಯಾಯಿತು. ಅಕ್ಕ ಬಿಡಲಿಲ್ಲ. ಮತ್ತೆ ಹಾಕು, ಮತ್ತೆ ಹಾಕು ಎಂದು ಪಟ್ಟು ಹಿಡಿದು ನಿಂತು, ಪರದೆಯ ಬಾಯಿಗೆ ಅದು ಸರಿಯಾಗಿ ಕೂತ ಮೇಲೆಯೇ ಹೆಡ್‌ಫೋನ್ ತೆಗೆದಳು.

ನಿರ್ದೇಶಕ ತಲೆ ಕೆರೆದುಕೊಂಡ. "ಹೆದರಿಕೆ ಆಗ್ಲಿಲ್ಲಮ್ಮ. ಅದೇನೋ ಒಂಥರಾ ಆಯ್ತು. ಇರಲಿ, ಸಂಗೀತ ಕೂಡ್ಸಿ ನೋಡ್ತೀನಿ. ಸರಿಹೋಗದೆ ಇದ್ರೆ ಬೇರೆಯವರ ಕೈಲಿ ಕಿರುಚಿಸ್ತೀನಿ. ಆಮೇಲೆ ನಿಮ್ಮನ್ನ ಕರೆಯೋದು ಕಷ್ಟ."

"ಕರೀಬೇಡಿ. ನನ್ನ ದನಿ ನನ್ನ ಹತ್ರ ಇರತ್ತೆ" ಎಂದಳು ಅಕ್ಕ. ಹೊರಗೆ ಬಂದ ಮೇಲೆ ಮಾತ್ರ ಗೋಡೆಗೆ ಒರಗಿ ನಿಂತಳು. ನಾನು ತೋಳು ಹಿಡಿದುಕೊಂಡು ನಡೆಸಿದೆ.

ಏನು ಇಟ್ಟರು, ಏನು ತೆಗೆದರು ಎಂದು ಸಿನಿಮಾ ಬಿಡುಗಡೆಯಾಗುವವರೆಗೂ ಯಾರೂ ಹೇಳಲಿಲ್ಲ. ಅಲ್ಲಿಯವರೆಗೆ ಅವಳಿಗೆ ಒಂದು ಕರೆಯೂ ಬರಲಿಲ್ಲ. ಮೊದಲ ವಾರದಲ್ಲೇ ನಾವು ಹೋದೆವು. ಅಕ್ಕ ಹಟ ಹಿಡಿದು ಅಮ್ಮನನ್ನೂ ಕರೆತಂದಳು. ಅಮ್ಮನಿಗೆ ಇದು ಹೊಸದಲ್ಲ. ಪ್ರತಿ ಸಿನಿಮಾ ಮುಗಿದಾಗಲೂ "ಇದ್ರಲ್ಲಿ ನೀನೆಲ್ಲಿದ್ದೆ?" ಎಂದು ಕೇಳುತ್ತಿದ್ದರು. ಆ ಕಿರುಚಾಟ ನಂದೇ ಎಂದು ಅಕ್ಕ ಹೇಳಿದರೆ ನಂಬುತ್ತಿರಲಿಲ್ಲ. ಮಗಳು ಹಾಗೆ ಕಿರುಚಿದ್ದನ್ನು ಅವಳು ಹುಟ್ಟಿದಾಗಿನಿಂದ ಅವರು ಕೇಳಿರಲಿಲ್ಲವಲ್ಲ.

ಊಟದ ದೃಶ್ಯ ಬಂತು. ಅಕ್ಕ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ಆ ಹೆಂಗಸು ಬಾಗಿಲಲ್ಲಿ ಬಾಯಿ ತೆರೆದು ನಿಂತಳು. ಸಂಗೀತ ನಿಂತಿತು.

"ಯಾಕೆ?"

ತಿಂಡಿ ಪೊಟ್ಟಣದ ಸದ್ದು ಕೂಡ ಇಲ್ಲ. ಆ ಕತ್ತಲಲ್ಲಿ ಅಮ್ಮ ತಟ್ಟನೆ ಎದ್ದು ನಿಂತರು. ಪಕ್ಕದಲ್ಲೇ ಕೂತಿದ್ದ ಮಗಳನ್ನು ಮರೆತು, ಪರದೆಯ ಕಡೆಗೆ ಎರಡೂ ಕೈ ಚಾಚಿ ಜೋರಾಗಿ ಹೇಳಿದರು:

"ಏನಾಯ್ತು ಮಗಳೇ? ಬಾ ಇಲ್ಲಿ. ಯಾರೇನಂದ್ರು? ನಾನಿದೀನಿ, ಹೇಳು."