ದೊಡ್ಡದು ಮಾಡಿದ ದೀಪ

ನಿಜಾಮರ ಸರಕಾರ ಇನ್ನೂ ಇದ್ದ ದಿನಗಳವು. ನಮ್ಮ ಯಲಬುರ್ಗಾ ಸೀಮೆಯಲ್ಲಿ ಜೋಳವನ್ನು ನೆಲದ ಹೊಟ್ಟೆಯಲ್ಲಿ ಇಡುತ್ತಿದ್ದೆವು. ಹಗೇವು ಅಂದರೆ ಈಗ ನನ್ನ ಮಕ್ಕಳೇ ಮುಖ ಮುಖ ನೋಡುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಂಗಳದಲ್ಲಿ ಎರಡಾಳುದ್ದದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೊಟ್ಟೆ ದೊಡ್ಡದು. ಸುತ್ತ ದಂಟು ಹಾಸಿ, ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಬಡಿದರೆ ಮೂರು ವರ್ಷ ಚಿಂತೆಯಿಲ್ಲ. ಆ ಜೋಳದ ರೊಟ್ಟಿಗೆ ಒಂದು ಮುಗ್ಗಲು ವಾಸನೆ ಇರುತ್ತಿತ್ತು. ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ ಜೊತೆಗಿದ್ದರೆ ಆ ವಾಸನೆಯೇ ರುಚಿ. ಈಗ ಎಲ್ಲಾದರೂ ಆ ವಾಸನೆ ಬಂದರೆ ನನಗೆ ತುತ್ತು ಇಳಿಯುವುದಿಲ್ಲ.

ಹಗೇವು ತೆಗೆಯುವ ದಿನ ನನ್ನದೊಂದು ಕೆಲಸ ಇರುತ್ತಿತ್ತು. ಬೆಳಿಗ್ಗೆ ಕಲ್ಲು ಸರಿಸಿ ಸಂಜೆತನಕ ಬಾಯಿ ತೆರೆದು ಬಿಡುತ್ತಿದ್ದರು. ಆಮೇಲೆ ನಾನು ಹಳೆಯ ತಕ್ಕಡಿಯ ತಟ್ಟೆಯಲ್ಲಿ ಪಣತಿ ಹಚ್ಚಿಟ್ಟು, ಹಗ್ಗ ಕಟ್ಟಿ, ಮೆಲ್ಲಗೆ ಒಳಗೆ ಬಿಡಬೇಕು. ಪಣತಿ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ತಾನಾಗಿ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿಯಬಾರದು. ಇಳಿಯುತ್ತಿದ್ದವನು ಈರಣ್ಣ ಕಾಕಾ, ಅಪ್ಪನ ತಮ್ಮ. ಇಪ್ಪತ್ತೆರಡರ ಪ್ರಾಯ, ಕಡ್ಡಿಯಂಥ ಮೈ. ಒಳಗೆ ನಿಂತು ಬುಟ್ಟಿ ತುಂಬುತ್ತ, ಪಾತಾಳದಾಗಿಂದ ಮಾತಾಡಾಕತ್ತೀನಿ ಅಂತ ದನಿ ಬದಲಿಸಿ ನನ್ನನ್ನು ಹೆದರಿಸುತ್ತಿದ್ದ.

ಇನ್ನು ಬಂದೂಕಿನ ಮಾತು. ಶೇಂಗಾ ಹೊಲಕ್ಕೆ ಹಂದಿ ಬೀಳುತ್ತಿದ್ದವು ಅಂತ ಅಪ್ಪ ಒಂದು ಕೇಪಿನ ಬಂದೂಕು ಇಟ್ಟಿದ್ದ. ನಳಿಗೆಯಲ್ಲಿ ಮದ್ದು ಸುರಿದು, ಗಜದ ಸಲಾಕೆಯಿಂದ ಜಡಿದು, ಹಿಂದೆ ತಾಮ್ರದ ಪುಟ್ಟ ಕೇಪು ಸಿಕ್ಕಿಸಿ ಹೊಡೆಯುವಂಥದು. ಅದರ ಪರವಾನಗಿ ಉರ್ದುವಿನಲ್ಲಿತ್ತು, ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಸುಟ್ಟ ಕೇಪುಗಳನ್ನು ಈರಣ್ಣ ಕಾಕಾ ಹೆಕ್ಕಿ ತಂದು ನನಗೆ ಕೊಡುತ್ತಿದ್ದ. ನನ್ನ ಬೊಂಬೆಗಳಿಗೆ ಅವೇ ತಾಮ್ರದ ಗಿಂಡಿ. ಮೂಸಿದರೆ ಗಂಧಕ ಹೊಡೆಯುತ್ತಿತ್ತು.

ಆ ಬಂದೂಕಿನ ಆರೈಕೆಯೆಲ್ಲ ಖಾದರ ಮಾಮಾ ಹೇಳಿಕೊಟ್ಟದ್ದು. ಹಿಂದಿನ ಓಣಿಯಲ್ಲಿ ಬೀಗ, ತಕ್ಕಡಿ, ಬಂದೂಕು ರಿಪೇರಿ ಮಾಡುತ್ತಿದ್ದ ಖಾದರಸಾಬನನ್ನು ನಾವು ಹುಡುಗರು ಮಾಮಾ ಅನ್ನುತ್ತಿದ್ದೆವು. ಮಳೆಗಾಲ ಹತ್ತಿರ ಬಂತೆಂದರೆ ತಾನೇ ಬಂದು ಕಟ್ಟೆಯ ಮೇಲೆ ಕೂತು ಬಂದೂಕು ಬಿಚ್ಚುತ್ತಿದ್ದ. ಅಡಿಗೆಯ ಕುಸುಬಿ ಎಣ್ಣೆ ಹಚ್ಚಿದರೆ ನಾಲ್ಕು ದಿನಕ್ಕೆ ಅಂಟಾಗಿ, ಕೇಪಿಗೆ ಬಡಿಯುವ ಕುದುರೆ ಕೂತುಬಿಡುತ್ತದೆ, ಔಡಲೆಣ್ಣೆಯೇ ಆಗಬೇಕು ಅನ್ನುತ್ತಿದ್ದ. ಚರ್ಮದ ಚೀಲದಲ್ಲಿ ಇಡಬಾರದು, ಚರ್ಮ ನೀರು ಕುಡಿದು ಕಬ್ಬಿಣಕ್ಕೆ ಕುಡಿಸುತ್ತದೆ. ಗೋಡೆಗೆ ತಾಗಿಸಬಾರದು, ಗಾಳಿ ಆಡುವ ಕಡೆ ತೂಗಿಡಬೇಕು. ಮದ್ದು ಬೇರೆ ಕೋಣೆಯಲ್ಲಿ, ಮೇಣ ಹಾಕಿ ಬಿರಡೆ ಬಿಗಿದ ಗಾಜಿನ ಬಾಟಲಿಯಲ್ಲಿ. ಕೇಪು ಮತ್ತೊಂದು ಕಡೆ. ಮೂರೂ ಒಂದೇ ಕಡೆ ಎಂದೂ ಕೂಡಬಾರದು.

"ಶಿವಪ್ಪಣ್ಣ, ಕೂಸಿನಂಗ ನೋಡ್ಕೋರಿ," ಅಂತ ಅಪ್ಪನಿಗೆ ಹೇಳುತ್ತಿದ್ದ. "ಮಳಿಗಾಲದಾಗ ಇದಕ್ಕೂ ನೆಗಡಿ ಬರತೈತಿ."

ಆಮೇಲೆ ಗಲಾಟೆಯ ವರ್ಷ ಬಂತು. ಯಾರು ಯಾರನ್ನು ಸುಟ್ಟರು, ಯಾರು ಯಾರನ್ನು ದೋಚಿದರು, ದಿನಕ್ಕೊಂದು ಸುದ್ದಿ. ನಮ್ಮೂರಲ್ಲಿ ಏನೂ ಆಗಲಿಲ್ಲ. ಆದದ್ದು ಇಷ್ಟೇ, ಖಾದರ ಮಾಮಾ ನಮ್ಮ ಕಟ್ಟೆಗೆ ಬರುವುದನ್ನು ಬಿಟ್ಟ. ನಾವೂ ಕರೆಯಲಿಲ್ಲ. ಯಾರೂ ಜಗಳ ಆಡಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ಎದುರಿಗೆ ಬಂದರೆ ಅಪ್ಪ ಬಗ್ಗಿ ಚಪ್ಪಲಿ ಸರಿ ಮಾಡಿಕೊಳ್ಳುತ್ತಿದ್ದ. ಅಷ್ಟೇ.

ಬಂದೂಕು ಇದ್ದವರ ಮನೆ ಹುಡುಕಿ ಕಸಿಯುತ್ತಾರಂತೆ ಅನ್ನುವ ಸುದ್ದಿ ಬಂದಾಗ ಅಪ್ಪ ಹೆದರಿದ. ಬಂದೂಕು ಕಸಿದವರು ಅದರಿಂದಲೇ ಹೊಡೆದರೆ? ಮುಂಗಾರು ಇನ್ನೂ ಬಿದ್ದಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ, ಕಾಕಾ ಇಬ್ಬರೂ ಅರ್ಧ ಖಾಲಿಯಾಗಿದ್ದ ಹಗೇವಿನ ಕಲ್ಲು ಸರಿಸಿದರು. ಬಂದೂಕನ್ನು ಚರ್ಮದ ಚೀಲಕ್ಕೆ ತುರುಕಿ, ಮೇಲೆ ಗೋಣಿತಟ್ಟು ಸುತ್ತಿ ಜೋಳದಲ್ಲಿ ಹೂತರು. ಬಾಟಲಿ ಒಡೆದೀತು ಅಂತ ಮದ್ದನ್ನು ಸೋರೆ ಬುರುಡೆಗೆ ಸುರಿದು, ಅರಿವೆ ಬಿಗಿದು, ಪಕ್ಕದಲ್ಲೇ ಇಟ್ಟರು. ಕೇಪಿನ ಡಬ್ಬಿಯೂ ಅಲ್ಲೇ. ಖಾದರ ಮಾಮಾ ಬೇಡ ಅಂದ ಅಷ್ಟನ್ನೂ ಒಂದೇ ಮಧ್ಯಾಹ್ನ ಮಾಡಿ ಮುಗಿಸಿದರು. ಒಂದು ಮಾತು ಕೇಳೋಣ ಅಂತ ಕಾಕಾ ಅಂದದ್ದು ನನಗೆ ನೆನಪಿದೆ.

"ಯಾರನ್ನ ಕೇಳತಿಯೋ?" ಅಂದ ಅಪ್ಪ. "ಜೋಳ ಮೂರು ವರ್ಷ ಕೆಡೂದಿಲ್ಲ, ಕಬ್ಬಿಣ ಮೂರು ತಿಂಗಳಿಗೆ ಕೆಡತೈತೇನು?"

ಆ ವರ್ಷ ಮಳೆ ಬಿಟ್ಟೂಬಿಡದೆ ಹೊಡೆಯಿತು. ಎರೆಮಣ್ಣು ಹಿಟ್ಟಿನಂತೆ ನಾದಿಕೊಂಡಿತು, ಮಾಳಿಗೆ ಮನೆಗಳು ಸೋರಿದವು, ಹೆಂಗಸರ ಪೆಟ್ಟಿಗೆಯಲ್ಲಿದ್ದ ಸೀರೆಗಳಿಗೂ ಬೂಸ್ಟು ಹಿಡಿಯಿತು. ಅದರ ನಡುವೆ ಸರಕಾರವೇ ಬದಲಾಯಿತು. ಮಕ್ಕಳಿಗೆ ಸಾಲಿಯಲ್ಲಿ ಪೇಡೆ ಕೊಟ್ಟರು. ಇನ್ನು ಹೆದರಿಕೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಚಾವಡಿಯಿಂದ ಮನುಷ್ಯ ಬಂದ. ಪರವಾನಗಿ ಇದ್ದವರು ನಾಳೆ ಯಲಬುರ್ಗಾಕ್ಕೆ ಬಂದೂಕು ತಂದು ತೋರಿಸಬೇಕು, ತೋರಿಸದಿದ್ದರೆ ಯಾರಿಗೋ ಕೊಟ್ಟಿದ್ದಾರೆ ಅಂತ ಹಿಡಿದು ಒಳಗೆ ಹಾಕುತ್ತಾರೆ. ಅಪ್ಪನ ಮುಖ ಬೂದಿಯಾಯಿತು.

ಮರುದಿನ ಮುಂಜಾನೆ ಕಲ್ಲು ಸರಿಸಿದರು. ಬಾಯಿಂದ ಹಬೆಯಂಥ ಬಿಸಿ ಎದ್ದಿತು, ಹುಳಿ ಬಂದ ಅಂಬಲಿಯ ವಾಸನೆ. ಜಿನುಗು ಮಳೆ ಬೇರೆ. ಸಂಜೆತನಕ ತೆರೆದು ಬಿಟ್ಟರೆ ನೀರು ಇಳಿದು ಜೋಳವೆಲ್ಲ ಹಾಳು, ಯಲಬುರ್ಗಾದ ಹೊತ್ತೂ ಮೀರುತ್ತದೆ. ಅವ್ವ ಬಾಯಿಗೆ ತಟ್ಟು ಹಿಡಿದು ನಿಂತಿದ್ದಳು. ನಾನು ನನ್ನ ಕೆಲಸ ಮರೆಯಲಿಲ್ಲ. ಪಣತಿ ಹಚ್ಚಿ, ತಕ್ಕಡಿಯ ತಟ್ಟೆಯಲ್ಲಿಟ್ಟು, ಸೆರಗಿನಂತೆ ಲಂಗ ಎತ್ತಿ ಮಳೆಹನಿಗೆ ಮರೆ ಮಾಡಿಕೊಂಡು ತಂದೆ.

ಅಪ್ಪ ನೋಡಿದವನೇ ಬೆಚ್ಚಿಬಿದ್ದ. "ಏ ಗಂಗಿ, ಒಳಗ ಮದ್ದೈತಿ. ಮನಿ ಸುಡತಿಯೇನು? ದೊಡ್ಡದು ಮಾಡದನ್ನ."

ನಮ್ಮ ಕಡೆ ದೀಪ ಆರಿಸು ಅನ್ನುವುದಿಲ್ಲ, ಅಶುಭ. ದೀಪ ದೊಡ್ಡದು ಮಾಡು ಅನ್ನುತ್ತಾರೆ. ನಾನು ಬೆರಳಿಂದ ಬತ್ತಿ ಒತ್ತಿ ದೊಡ್ಡದು ಮಾಡಿದೆ. ಬೆರಳು ಚುರ್ ಅಂದಿತು. ಅಪ್ಪ ಹೇಳಿದ್ದು ತಪ್ಪೇನಲ್ಲ, ಮದ್ದಿರುವಲ್ಲಿ ಬೆಂಕಿ ಬಿಡುವವರು ಯಾರು? ಅಲ್ಲಿದ್ದ ಯಾರಿಗೂ ಬೇರೆ ಯೋಚನೆ ಬರಲಿಲ್ಲ. ಕಾಕಾನಿಗೂ ಬರಲಿಲ್ಲ.

ಕಾಕಾ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲಿಲ್ಲ. ಇದ್ದ ಒಂದೇ ಗಟ್ಟಿ ಹಗ್ಗ ಬಂದೂಕಿಗೆ ಬೇಕಿತ್ತು. ಅಂಚು ಹಿಡಿದು ಕಾಲು ಇಳಿಬಿಟ್ಟವನು ನನ್ನನ್ನು ನೋಡಿ ನಕ್ಕ. "ಗಂಗಿ, ಕೇಪಿನ ಡಬ್ಬೀನೂ ತರ್ತೀನಿ. ನಿನ್ನ ಬೊಂಬಿ ಲಗ್ನಕ್ಕ ಭಾಂಡಿ ಆದ್ವು." ಧಪ್ ಅಂತ ಜೋಳದ ಮೇಲೆ ಬಿದ್ದ ಸದ್ದು. ಒಳಗೆ ಭಾಳ ಬಿಸಿ ಅಂದ. ತಡಕಾಡಿದ. ಹಗ್ಗ ಒಮ್ಮೆ ಜಗ್ಗಿತು. ಅಪ್ಪ ಎಳೆದ.

ಬಂದೂಕು ಮೇಲೆ ಬಂತು. ಕಾಕಾ ಬರಲಿಲ್ಲ.

ಮೊದಲು ಚೇಷ್ಟೆ ಅಂದುಕೊಂಡೆವು. ಅವನ ಸ್ವಭಾವವೇ ಅಂಥದು. ಅಪ್ಪ ಎರಡು ಸಲ ಬೈದ, ಮೂರನೆಯ ಸಲ ದನಿ ಒಡೆಯಿತು. ತಾನೂ ಇಳಿಯಲು ಹೊರಟವನನ್ನು ಹಿಂದಿನಿಂದ ಯಾರೋ ಹಿಡಿದು ನೆಲಕ್ಕೆ ಕೆಡವಿದರು. ಅವ್ವನ ಕೂಗು ಕೇಳಿ ಓಡಿಬಂದಿದ್ದ ಖಾದರ ಮಾಮಾ. ಆರು ತಿಂಗಳ ಮೇಲೆ ನಮ್ಮ ಅಂಗಳಕ್ಕೆ ಬಂದಿದ್ದ. ಅಪ್ಪನನ್ನು, ಕೂಗಿಗೆ ಕೂಡಿದ್ದ ನಾಲ್ವರ ಕೈಗೆ ಕೊಟ್ಟು, ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು ಎತ್ತಿ, ಬಿಟ್ಟು ಎತ್ತಿ ಗಾಳಿ ಕಲಕಿಸಿದ. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತರಿಸಿದ. ಅದರ ಕೊಕ್ಕೆ ಕಾಕಾನ ಧೋತರಕ್ಕೆ ಸಿಕ್ಕಿತು. ಮೇಲೆ ಬಂದಾಗ ಅವನ ಮೈಮೇಲೆ ಒಂದು ಗಾಯವಿಲ್ಲ. ಕೂದಲಲ್ಲಿ ಜೋಳದ ಕಾಳು. ಮುಷ್ಟಿಯಲ್ಲಿ ಕೇಪಿನ ಡಬ್ಬಿ.

ಮಣ್ಣಾದ ಮೇಲೆ ಒಂದು ದಿನ ಖಾದರ ಮಾಮಾ ದೀಪ ಬಿಟ್ಟು ನೋಡಿ, ತಾನೇ ಇಳಿದು ಸೋರೆ ಬುರುಡೆ ತಂದ. ಅರಿವೆ ಬಿಚ್ಚಿ ಅಂಗಳದಲ್ಲಿ ಸುರಿದ. ಮದ್ದು ಒದ್ದೆ ಬೂದಿಯ ಹಾಗೆ ಮುದ್ದೆಮುದ್ದೆಯಾಗಿ ಬಿತ್ತು. ಒಲೆಯಿಂದ ಕೆಂಡ ತಂದು ಅದರ ಮೇಲಿಟ್ಟ. ಸುರ್ ಅನ್ನಲಿಲ್ಲ. ಕೆಂಡವೇ ಕಪ್ಪಾಯಿತು.

"ಜೋಳ ಬೆವರತೈತ್ರಿ ಶಿವಪ್ಪಣ್ಣ," ಅಂದ. "ಮದ್ದು ಎಂದೋ ಸತ್ತಿತ್ತು. ದೀಪ ಬಿಟ್ಟಿದ್ರ ಏನೂ ಆಗ್ತಿರಲಿಲ್ಲ." ಕೆಂಡವನ್ನು ಕಾಲಿಂದ ಸರಿಸಿ ಅಂದ, "ನನ್ನ ಒಂದು ಮಾತು ಕೇಳಬೇಕಿತ್ತಲ್ರಿ."

ಆ ದಿನದಿಂದ ಸಾಯುವ ತನಕ ಅಪ್ಪ ಅವನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಖಾದರ ಮಾಮಾ ಎರಡು ವರ್ಷ ನೋಡಿ, ಅಂಗಡಿ ಕಟ್ಟಿಕೊಂಡು ಗಂಗಾವತಿ ಕಡೆ ಹೋದ.

ಬಂದೂಕು ಯಲಬುರ್ಗಾಕ್ಕೆ ಹೋಯಿತು, ತಡವಾಗಿ. ಚರ್ಮದ ಚೀಲ ಬಿಚ್ಚಿದರೆ ನಳಿಗೆ ತುಂಬ ಕೆಂಪು ತುಕ್ಕು, ಕುದುರೆ ಅಲುಗಾಡಲಿಲ್ಲ. ಸಾಹೇಬರು ಎರಡು ಬೆರಳಲ್ಲಿ ಮುಟ್ಟಿ ನೋಡಿ, ಇದೇನು ಬಂದೂಕೇನ್ರಿ, ಕಮ್ಮಾರಗ ಹಾಕ್ರಿ ಅಂದು ಪರವಾನಗಿಯ ಮೇಲೆ ಗೆರೆ ಎಳೆದರಂತೆ. ಅದಕ್ಕಾಗಿ ಒಬ್ಬ ಮನುಷ್ಯನ ಜೀವ ಹೋಗಿತ್ತು.

ಹಗೇವನ್ನು ಅಪ್ಪ ಕಲ್ಲು ಮಣ್ಣು ತುಂಬಿ ಮುಚ್ಚಿಸಿದ. ಈಗ ಊರಲ್ಲಿ ಒಂದೂ ಉಳಿದಿಲ್ಲ, ಜೋಳ ಚೀಲದಲ್ಲಿರುತ್ತದೆ. ಖಾದರ ಮಾಮಾನ ಓಣಿಯಲ್ಲಿ ಅವನ ಹೆಸರು ಹೇಳಿದರೆ ಯಾರು ಅಂತ ಕೇಳುತ್ತಾರೆ. ಕಾಕಾನ ಒಂದು ಫೋಟೊ ಕೂಡ ಇಲ್ಲ. ಕೇಪಿನ ಡಬ್ಬಿ ನನ್ನ ಹತ್ತಿರ ಇದೆ. ಮುಚ್ಚಳ ತುಕ್ಕು ಹಿಡಿದು ಕೂತಿದೆ, ತೆಗೆಯಲು ನಾನು ಪ್ರಯತ್ನಿಸಿಲ್ಲ.

ನಮ್ಮ ಮನೆಯಲ್ಲಿ ದೇವರ ದೀಪ ಯಾರೂ ದೊಡ್ಡದು ಮಾಡುವುದಿಲ್ಲ. ಎಣ್ಣೆ ದಂಡ ಅಂತ ಸೊಸೆ ಗೊಣಗುತ್ತಾಳೆ. ನಾನು ಕೇಳಿಸಿಕೊಂಡೂ ಸುಮ್ಮನೆ ಕೂರುತ್ತೇನೆ, ಎಣ್ಣೆ ತೀರಿ ಅದು ತಾನಾಗಿ ಹೋಗುವ ತನಕ.